ಹುಳಿ ತುದಿ

ಮೂವತ್ತೊಂದು ಸೀಜನ್ ಕಬ್ಬಿನ ರಸ ಅಳದೀನಿ.
ಬ್ರಿಕ್ಸ್ ಎಷ್ಟು, ಪೋಲ್ ಎಷ್ಟು, ಶುದ್ಧಿ ಎಷ್ಟು.
ರಾತ್ರಿ ಪಾಳಿಯೊಳಗ ಒಂದು ಕಣ್ಣು ಮುಚ್ಚಿ
ಗಾಜಿನ ನಳಿಕೆಯಾಗ ಬೆಳಕು
ಎಷ್ಟು ಡಿಗ್ರಿ ಹೊರಳತೈತಿ ಅಂತ ನೋಡಿದಾಂವ.
ಸಕ್ಕರಿ ಬಗ್ಗೆ ನನಗ ಯಾರೂ ಹೇಳೂದು ಬ್ಯಾಡ, ಅಂತಿದ್ದೆ.

ಈಗ ಬುಧವಾರ, ಶನಿವಾರ, ಜಮಖಂಡಿ ದವಾಖಾನಿ,
ನಾಕನೇ ಮಂಚ.
ನನ್ನ ರಕ್ತ ನನ್ನ ಬಿಟ್ಟು ಹೊರಗ ಹೋಗಿ
ಮಶೀನು ಸುತ್ತಿ, ಹೊಳ್ಳಿ ಬರತೈತಿ.
ಕಿಡ್ನಿ ಕೈಬಿಟ್ಟ ಮ್ಯಾಲ
ರಕ್ತ ಹುಟ್ಟಸು ಅಂತ ಎಲುಬಿಗೆ ಹೇಳಾವರಿಲ್ಲ.
ಅದಕ್ಕೊಂದು ಸೂಜಿ.
ಫ್ರಿಜ್ಜಿನ ಸಣ್ಣ ಸೀಸೆ, ನೀರಿನಂಗ ತಿಳಿ.

"ನನಗ ವಾರಕ್ಕ ಎರಡು,
ಐದನೇ ಮಂಚದ ಮಾನಿಂಗವ್ವಗ ಒಂದ.
ಯಾಕ ಬೇ?"
ರುಕ್ಸಾರ ಮುಲ್ಲಾ ಹಲ್ಲಾಗ ಟೇಪು ಕಚ್ಚಿಕೊಂಡ ಅಂದಳು:
"ಚೌಗಲಾ ಕಾಕಾ, ಆಕಿ ಔಷಧದಾಗ ಸಕ್ಕರಿ ಜಾಸ್ತಿ."

ಸಕ್ಕರಿ?

"ಹೂಂ ರಿ. ಔಷಧ ಅಂದ್ರ ಪ್ರೋಟೀನು, ಮಡಚಿದ ದಾರ.
ಅದರ ಮೈಮ್ಯಾಲ ಸಕ್ಕರಿ ಟೊಂಗಿ.
ನಿಮ್ಮದಕ್ಕ ಮೂರು ದೊಡ್ಡವು, ಒಂದು ಸಣ್ಣದು;
ಆಕೀದಕ್ಕ ಮತ್ತೆರಡು ಕೂಡಿಸ್ಯಾರ.
ಟೊಂಗಿ ತುದಿಗೆ ಹುಳಿ ಇರತೈತಿ, ಸಿಯಾಲಿಕ್ ಆಮ್ಲ,
ಮೊದಲ ಅದು ಜೊಲ್ಲಿನಾಗ ಸಿಕ್ಕಿತ್ತಂತ.
ಹುಳಿ ಉದುರೀತೋ, ಕೆಳಗಿನ ಸಿಹಿ ಬೈಲಿಗೆ ಬಿತ್ತು.
ಲಿವರು ಅದನ್ನ ಕಾಕೋತ ಕುಂತಿರತೈತಿ.
ಕಂಡ ಕೂಡ್ಲೆ ಜಗ್ಗಿ ಒಳಗ ಹಾಕ್ಕೋತೈತಿ.
ತುದಿ ಪೂರಾ ಬೋಳಾದ್ರ ತಾಸೊತ್ತೂ ಉಳಿಯೂದಿಲ್ಲ."

ಜಗ್ಗಿ ಅಂದಳಲ್ಲ, ಅಲ್ಲೇ ತಿಳೀತು.

ತೇರದಾಳ ನಾಕಾದ ಹಂಪ್ಸಿಗೆ
ಟ್ರ್ಯಾಕ್ಟರ್ ಹಗೂರ ಆಗತೈತಿ. ಹಿಂದ ಎರಡು ಟ್ರಾಲಿ,
ಡೆಕ್ಕಿನ ಹಾಡು ಊರಿಗೆಲ್ಲ.
ಸಾಲಿ ಬಿಟ್ಟ ಹುಡುಗೂರು ಬೆನ್ನು ಹತ್ತತಾವು.
ಗರಿ ಇದ್ದಲ್ಲಿ ಕೈ ಹಾಕೂದಿಲ್ಲ, ಗರಿ ಕೊಯ್ಯತೈತಿ.
ಬೋಳು ಕಬ್ಬು ಹೊರಗ ಚಾಚಿದ್ದು ಕಂಡ್ರ
ಎರಡೂ ಕೈಲೆ ಹಿಡದು, ಕಾಲು ಒತ್ತಿ,
ಜಗ್ಗ.
ಕಾಟಾದ ಮ್ಯಾಲ ನಿಂತಾಗ ತೂಕ ಅಷ್ಟ ಕಮ್ಮಿ.
ಅವರಿಗೆ ಕಳ್ಳರು ಅಂತ ಈ ಭಾಗದಾಗ ಯಾರೂ ಅನ್ನೂದಿಲ್ಲ.
ನಾನೂ ಜಗ್ಗೀನಿ.
ನನ್ನ ಲಿವರೂ ಇದ ಓಣಿ ಹುಡುಗ.

ಎಷ್ಟು ಸಿಹಿ ಅಂತ ಜೀವಮಾನ ಬರಕೊಂಡೆ.
ಸಿಹಿ ಯಾರ ಕಣ್ಣಿಗೆ ಬೀಳತೈತಿ ಅನ್ನೂದಕ್ಕ
ನನ್ನ ರಜಿಸ್ಟರಿನಾಗ ಕಾಲಮ್ಮ ಇರಲಿಲ್ಲ.

"ಇದನ್ನ ಎದರಾಗ ಮಾಡ್ತಾರ?"
ಅಂಜಕೋತ ಕೇಳಿದೆ. ನಾವು ಜೈನರು,
ಗಜ್ಜರಿ ಸೈತ ಮುಟ್ಟದ ಮನಿ.
"ಹ್ಯಾಮ್‌ಸ್ಟರ್ ಅಂತ ಇಲಿ ಜಾತಿ ರಿ. ಇಲಿ ಇಲ್ಲ,
ಅದರ ಕಣ ಅಷ್ಟ. ಎಂದೋ ತಗದದ್ದು,
ಸ್ಟೀಲಿನ ತೊಟ್ಟಿಯಾಗ ಇನ್ನೂ ಬೆಳಕೋತ ನಡದಾವು.
ಬ್ಯಾಚಿನಿಂದ ಬ್ಯಾಚಿಗೆ ಹುಳಿ ಹೆಚ್ಚು ಕಮ್ಮಿ ಆಗತೈತಿ,
ಅಳದು ನೋಡಿನ ಬಿಡತಾರ."

ಇಲಿಗೆ ಮನಸಿನಾಗ ಒಂದು ಕ್ಷಮಾ ಕೇಳಿದೆ.
ಆಮ್ಯಾಲ ಆ ಅಳಿಯಾಂವನ ನೆನಪು ಬಂತು, ನೋಡದಾಂವನ ನೆನಪು.
ಎಲ್ಲೋ ಒಂದು ಲ್ಯಾಬು, ಅಲ್ಲೂ ರಾತ್ರಿ ಪಾಳಿ,
ಆರಿದ ಚಾ, ಗ್ವಾಡಿ ಗಡಿಯಾರ.
ತುದಿ ಎಣಿಸಿ ಬರಕೋತ ಕುಂತಿರತಾನ.
ತೂಕಡಿಸಬ್ಯಾಡೋ ತಮ್ಮಾ.
ನೀ ಸರಿ ಎಣಿಸಿದ್ರ
ನನ್ನ ಬುಧವಾರ ಶನಿವಾರದ ತನಕ ಬರತೈತಿ.

ರುಕ್ಸಾರ ತೋಳು ಒರಸಿದಳು. ತಣ್ಣಗ.
ಹೊರಗ ಒಂದು ಟ್ರಾಲಿ, ಅದರ ಹಾಡು
ನಾಕಾದ ಹತ್ರ ಹೋಗಿ ಹಗೂರಾತು.
ನಾನು ಕಿವಿಗೊಟ್ಟೆ,
ಓಡೂ ಕಾಲು ಎಷ್ಟು ಅಂತ.