ಹೆಬ್ಬೆಟ್ಟು

ಶಹಾಬಾದ್ ಸ್ಟೇಷನ್ ರಸ್ತೆ. ಮಧ್ಯಾಹ್ನ ಮೂರು.
ಗಿರಾಕಿ ಇಲ್ಲದ ಹೊತ್ತು, ಫ್ಯಾನಿಗೂ ತೂಕಡಿಕೆ.
ಚಾಂದಬಿ ಬಂದು ಗಾಜಿನ ಮೇಲೆ ಎರಡೂ ಕೈ ಇಟ್ಟಳು
ತೂಗಲು ಕೊಟ್ಟ ಹಾಗೆ.

ಹದಿನೆಂಟು ವರ್ಷ ಫರಸಿ ಪಾಲಿಶ್ ಮಾಡಿದ ಕೈ.
ನೀರು, ಕಲ್ಲಿನ ಕೆಸರು, ತಿರುಗುವ ಚಕ್ರ.
ಯಾರದೋ ಪಡಸಾಲೆ ನುಣುಪಾಗುತ್ತ ಹೋದಂತೆ
ಇವಳ ಬೆರಳೂ ಸವೆದು ಸವೆದು
ಗೆರೆ ಉಳಿದದ್ದು ಒಡಕಿನಲ್ಲಿ ಮಾತ್ರ.

"ರೇಷನ್ ಮಷಿನ್ ನಾ ಯಾರಂತ ಗುರುತ ಹಿಡಿಯವಲ್ದು, ಸರ.
ಮೂರ ಸಲ ಒತ್ತಿದೆ. ಮೂರೂ ಸಲ ಕೆಂಪ ದೀಪ.
ಏನಾರ ಹಚ್ಚಿಕೊಂಡು ಬಾ ಅಂದಾನ ಮಲ್ಕಪ್ಪ,
ನಾಳಿ ಕಡೀ ದಿನ."

ಒಂದು ಟ್ಯೂಬ್ ಕೊಟ್ಟೆ. ಹಿಂಬದಿಯಲ್ಲಿ ಸಾಸಿವೆಯಷ್ಟು ಅಕ್ಷರ:
ಹೈಡ್ರೊಲೈಸ್ಡ್ ಸಿಲ್ಕ್. ಮುಂದೆ ಬಿಳಿ ಗೂಡಿನ ಚಿತ್ರ.
"ಇದೇನು, ಶೇಂಗಾನ?"

ಶೇಂಗಾ ಅಲ್ಲ, ಚಾಂದಬಿ. ಹುಳದ ಮನೆ.
ಎಳೆಗೆ ಎಳೆ ಕೂಡಲೆಂದು ಹುಳ ತಾನೇ ಬಳಿದ ಗೋಂದು ಅದರೊಳಗೆ.
ಸೀರೆಯವರಿಗೆ ಬೇಕಾದದ್ದು ಎಳೆ;
ಗೋಂದನ್ನು ಸೋಡಾ ನೀರಲ್ಲಿ ಕುದಿಸಿ ಮೋರಿಗೆ ಚೆಲ್ಲುತ್ತಿದ್ದರು.
ಈಗ ಮೋರಿಯ ಬಾಯಿಗೆ ಯಾರೋ ಬೋಗುಣಿ ಹಿಡಿದಿದ್ದಾರೆ.
ಅದನ್ನೇ ಒಡೆದು, ಮತ್ತೆ ಒಡೆದು, ತುಂಡು ಮಾಡಿ
(ನಿಮ್ಮ ಗಣಿಯಲ್ಲಿ ಬಂಡೆಗೆ ಮಾಡಿದ ಹಾಗೆಯೇ)
ಕ್ರೀಮಿಗೆ ಬೆರೆಸುತ್ತಾರೆ.
ದೊಡ್ಡ ತುಂಡು ಚರ್ಮದ ಮೇಲೆ ತೆಳ್ಳಗೆ ಹಾಸಿಕೊಳ್ಳುತ್ತದೆ,
ಸಣ್ಣದು ಮೇಲ್ಪದರದ ಸಂದಿಗೆ ಇಳಿದು
ನೀರಿನ ಸೆರಗು ಹಿಡಿದು ಕೂರುತ್ತದೆ, ಹೋಗಬೇಡ ಎಂದು.
ಅಷ್ಟೇ ಅದರ ಕೆಲಸ.

ಇಷ್ಟನ್ನೂ ನಾನು ಬಾಯಿಬಿಟ್ಟು ಹೇಳಲಿಲ್ಲ. ಅರ್ಧ ಹೇಳಿದೆ.

"ಹೋದ ಗೆರಿ ಬರ್ತಾವೇನು?"

ಟ್ಯೂಬಿನ ಮೇಲೆ ಹೊಸ ಜೀವ ಎಂದು ಬಂಗಾರದ ಬಣ್ಣದಲ್ಲಿ ಬರೆದಿತ್ತು.
"ಬರಂಗಿಲ್ಲ. ಇದ್ದದ್ದು ಜರಾ ಉಬ್ಬತದ,
ತೊಗರಿಬ್ಯಾಳಿ ನೆನದಂಗ. ಕೈ ತೊಳದ್ರ ಮುಗೀತು."

ಬಹಳ ಹೊತ್ತು ಲೆಕ್ಕ ಹಾಕಿದಳು.
ಎಂಬತ್ತೈದು ರೂಪಾಯಿ. ಮನೆಯಲ್ಲಿ ಐದು ಬಾಯಿ.
"ಹುಳ ಸಾಯ್ತದೇನು?"
ಕುದಿಯೋ ನೀರಾಗ, ಅಂದೆ.
"ಹಂಗಾರ ಎಲ್ಲಾ ಬಳ್ಳಿಗಿ ಹಚ್ಚಲ್ಲ. ಹೆಬ್ಬೆಟ್ಟಿಗಷ್ಟೇ."

ಮೂರನೆಯ ದಿನ ಬಂದಳು, ಸೆರಗಿನಲ್ಲಿ ಕಲ್ಲಿನ ಬೂದಿ.
"ನಾಕನೇ ಸಲಕ್ಕ ಹಸರ ಬಂತು."
ನಾನು ನಗುವಷ್ಟರಲ್ಲಿ
ಬಾಲದಿಂದ ನೀಟಾಗಿ ಸುರುಳಿ ಸುತ್ತಿದ ಟ್ಯೂಬನ್ನು
ಗಾಜಿನ ಮೇಲಿಟ್ಟು ನನ್ನ ಕಡೆ ಸರಿಸಿದಳು:
"ಉಳದದ್ದು ವಾಪಸ್ ತಗೋತೀರೇನು?"