ಗ್ವಾಡೀ ಕಡೆ ಇದ್ದ ಹೆಸರು

ಸೋದರತ್ತಿ ನಾ. ಕಿವ್ಯಾಗ ಕುರ್ರ್ ಅನ್ನೋ ಹಕ್ಕು ನಂದು.
ನಾಕು ಮಂದಿ ಹೆಂಗಸರು ಬೆನ್ನ ಹಿಂದ ನಿಂತು
ಮುಷ್ಟಿ ಬಿಗಿ ಹಿಡದಿದ್ದರು,
ಯಾವಾಗ ಬಗ್ಗತಾಳ, ಯಾವಾಗ ಗುದ್ದೂಣಂತ.
ನಿಮ್ಮವ್ವ ಚೀಟಿ ಕೊಟ್ಟಿದ್ದಳು: ಸಾನ್ವಿಕಾ.
ಓದಿದೆ. ಮಡಚಿ ಕುಪ್ಪಸದಾಗ ಇಟಕೊಂಡೆ.
ಬಗ್ಗಿದೆ.

“ಮಾಳಿಂಗರಾಯ” ಅಂದೆ.

ಗುದ್ದು ಎರಡು ಬಿದ್ದವು. ಮೂರನೇದು ಗಾಳ್ಯಾಗ ನಿಂತಿತು.
ಒಲಿ ಮ್ಯಾಲೆ ಗುಗ್ಗರಿ ಕುದಿಯೂ ಸಪ್ಪಳ, ಅದೊಂದs.
ನೀ ಮಾತ್ರ ಒಂದ ಸಲ ಸೀನಿ
ಕಣ್ಣ ಮುಚ್ಚಿದಿ.

ಯಾಕಂತ ಹೇಳತೀನಿ, ನಿದ್ದಿ ಬರೂತನಕ ಕೇಳು.

ನಿಮ್ಮಜ್ಜ ಮಾಡಗ್ಯಾಳ ಟಗರ ಮಾರಿ ಬರುವಾಗ
ಜತ್ತದ ಪ್ಯಾಟ್ಯಾಗ ಒಂದು ಹಿತ್ತಾಳಿ ವಾಟಗ ತಂದ.
ಮ್ಯಾಲೆ ಹೆಸರ ಕೆತ್ತಿಸಿದ್ದ: ಚಿ. ಮಾಳಿಂಗರಾಯ.
ಅವ್ವ ಆಗಿನ್ನೂ ಮೂರ ತಿಂಗಳ ಬಸರಿ.
ಲಗಮವ್ವ ಹುಟ್ಟಿದಳು.
ವಾಟಗ ಹಲಗಿ ಏರಿತು.
ಮತ್ತ ಇಳೀತು, ಕಾಶವ್ವ ಹುಟ್ಟಿದಳು.
ಮತ್ತ ಬೂದಿ ಹಚ್ಚಿ ತಿಕ್ಕಿದರು. ಕೆಂಚವ್ವ.
ನಾಕನೇ ಸಲ ಹುಣಸಿಹಣ್ಣ ಹಚ್ಚಿ
ಬಂಗಾರಧಂಗ ಮಾಡಿ ಕಾದರಂತ.
ಬಂದಾಕಿ ನಾ.
ನನಗ ಹೆಸರ ಹುಡುಕೂದೇನಿತ್ತು,
ಅಜ್ಜಿ ಬಾಯಾಗ ಬಂದ ಮೊದಲನೇ ಮಾತs ಹೆಸರಾತು:
ಸಾಕವ್ವ.

ನಲವತ್ತೊಂದ ವರ್ಷ ಆತು.
ಉಮದಿ ಬೇದಾಣಿ ಶೆಡ್ಡಿನ್ಯಾಗ
ಹಸರು ಒಂದ ಕಡೆ, ಹಳದಿ ಒಂದ ಕಡೆ, ಕರೇದು ಬುಟ್ಟಿಗೆ
ಮಣಕ ಆರಿಸ್ಕೋತ ಕೂತಾಗ
ಮುಕಾದಮ ಒದರತಾನ: ಸಾಕವ್ವಾ!
ಇವ ನನ್ನ ಕರ್ಯಾಕತ್ತಾನೋ
ನಾಳಿಂದ ಬರೂದ ಸಾಕನ್ನಾಕತ್ತಾನೋ,
ಇವತ್ತಿಗೂ ಒಂದ ಗಳಿಗಿ ತಿಳಿಯೂದಿಲ್ಲ.

ಆ ವಾಟಗದಾಗs ನಾಕೂ ಹುಡುಗ್ಯಾರು ನೀರ ಕುಡದ್ವಿ.
ತೊಳದು, ಹೆಸರು ಗ್ವಾಡೀ ಕಡೆ ಮಾಡಿ ಇಡಬೇಕು,
ಅದು ಅವ್ವನ ಕಟ್ಟಳಿ.
ನಿಮ್ಮಪ್ಪ ಐದನ್ಯಾವ. ಗಂಡಂತ ಗೊತ್ತಾದ ಕೂಡಲೇ
ಎಲ್ಲಾರೂ ಹಲಗಿ ನೋಡಿದರು.
ಅಜ್ಜ ಕೈ ಅಡ್ಡ ಹಿಡದ:
“ಆ ಹೆಸರ ಬ್ಯಾಡ. ಅದನ್ನ ಕರದಾಗೆಲ್ಲಾ ಹೆಣ್ಣ ಬಂದಾವ.”
ಬೀರಪ್ಪ ಅಂತ ಇಟ್ಟರು.

ನಾ ಆವಾಗ ಮೂರ ವರ್ಷದಾಕಿ, ನೆನಪಿರಾಕ ಸಾಧ್ಯ ಇಲ್ಲ.
ಆದರೂ ಮಣಕ ಆರಿಸುವಾಗ ಆ ಮಾತು
ಉಗರಿಗೆ ಅಂಟತಿತ್ತು.
ಕರದಾಗೆಲ್ಲಾ ಹೆಣ್ಣ ಬಂದಾವ ಅಂದ್ರ
ಕರದದ್ದು ಯಾರನ್ನ?
ಮಾಳಿಂಗರಾಯಾ ಅಂತ ಅವ ಕೂಗಿದಾಗ
ಓ ಅಂತ ಬಂದವರು ನಾವs.
ನಾಕೂ ಸಲ.

ನಿಮ್ಮವ್ವ ಅಳಕೋತ, “ಮಾಳವ್ವ ಅಂತರ ಮಾಡೂಣಕ್ಕಾ” ಅಂದಳು.
ಅದು ಬ್ಯಾರೆ ಹೆಸರು, ಬಾಕಿ ಇದ್ದದ್ದು ಇದು ಅಂದೆ.
ನಿಮ್ಮಪ್ಪ ಏನೂ ಅನ್ನಲಿಲ್ಲ.
ಹಗ್ಗ ಹಿಡದು ತೊಟ್ಟಿಲ ತೂಗಿದ,
ಸ್ವಲ್ಪ ಜೋರs ತೂಗಿದ.

ಪಂಚಾಯತಿಯೊಳಗ ಗ್ರಾಮಸೇವಕ ಪೆನ್ನ ತಡದ:
“ಮುಲಗಾ ಕಿ ಮುಲಗಿ?”
ಮುಲಗಿ.
“ನಾವ?”
ಹೇಳಿದೆ.
ಅವ ಮತ್ತ ಮೊದಲಿಂದ: “ಮುಲಗಾ ಕಿ ಮುಲಗಿ?”
ಅವಗ ಕನ್ನಡ ಬರೂದಿಲ್ಲ,
ಮರಾಠಿ ನನಗ ಸಿಟ್ಟ ಬಂದಾಗಷ್ಟ ಬರತದ.
ಚೀಲದಾಗಿನ ವಾಟಗ ತಗದು ಮೇಜಿನ ಮ್ಯಾಲಿಟ್ಟೆ.
ಕೆತ್ತಿದವ ಮರಾಠ್ಯಾವ, ಅಕ್ಷರ ಇವಗ ಓದಾಕ ಬಂತು.
ಬಟ್ಟಿಟ್ಟು ಓದಿದ. ನನ್ನ ನೋಡಿದ.
ಚಿ. ಬಿಟ್ಟು ಕು. ಅಂತ ಬರಕೊಂಡ,
ಉಳದದ್ದೆಲ್ಲಾ ಇದ್ದಂಗs.

ಸಾಲ್ಯಾಗ ನಗತಾರ ಮಗಳs. ಹಾಜರಿ ಕರದಾಗ
ಮಾಸ್ತರ ಹುಡುಗರ ಕಡೆ ನೋಡತಾನ.
ಹೆಂಗಾಗತದೋ ನನಗೂ ಗೊತ್ತಿಲ್ಲ,
ನನ್ನ ಬೈತೀಯೋ ಏನೋ.
ಬೈಯೂದಾದ್ರ ಸಾಕತ್ತಿ ಅಂತ ಕರದು ಬೈ.

ರಾತ್ರಿ ವಾಟಗ ತೊಳದು ಹಲಗಿ ಮ್ಯಾಲಿಟ್ಟೆ.
ದೀಪ ಆರಿಸಿ ಮಲಗಿದ ಮ್ಯಾಲೆ ನೆನಪಾತು:
ಕೈ ತಾನs ಹೆಸರು ಗ್ವಾಡೀ ಕಡೆ ತಿರಿವಿತ್ತು.
ಎದ್ದೆ. ಕತ್ತಲದಾಗ ತಡಕಾಡಿ
ಅಕ್ಷರ ಬಟ್ಟಿಗೆ ಹತ್ತೂತನಕ ತಿರಿವಿದೆ.