ಮಿಲ್ಲಿನ ಗೋಡೆಯ ಮೇಲೆ ಹಾಲಮ್ಮ

ಆರು ಚುನಾವಣೆ ಬರೆದೆ ಅವಳ ಹೆಸರು
ದಾವಣಗೆರೆಯ ಮುಚ್ಚಿದ ಮಿಲ್ಲಿನ ಉದ್ದ ಗೋಡೆಗೆ,
ರಾತ್ರಿ, ಸುಣ್ಣ ಪೂರ್ತಿ ಒಣಗುವ ಮೊದಲೇ,
ಮಗ ನಿದ್ದೆಗಣ್ಣಲ್ಲಿ ಪೆಟ್ರೋಮ್ಯಾಕ್ಸ್ ಎತ್ತಿ ಹಿಡಿದಿರಲು.
ನಾಲ್ಕು ಗೆದ್ದಳು, ಎರಡು ಸೋತಳು. ಬಣ್ಣ ಒಂದೇ.

ಹಾ ಬರೆಯೋದು ಸಲೀಸು.
ಲ ಚೂರು ಸೊಂಟ ತಿರುವುತ್ತದೆ.
ಮ್ಮ ಮಾತ್ರ ಎರಡು ಮೊಳ ಜಾಗ ಕೇಳುತ್ತದೆ:
ದೊಡ್ಡ ಮ, ಅದರ ಕಾಲ ಬುಡದಲ್ಲಿ
ಸೆರಗು ಜಗ್ಗುತ್ತ ನಿಂತ ಒತ್ತು.

ಪಕ್ಕದಲ್ಲಿ ಗುರುತು, ಹೊಲಿಗೆ ಮಿಷನ್ನು.
ಮೊದಲ ಸಲ ನೋಡಿ
"ಇದೇನೋ ಬುಡೇನಾ, ಪಿಸ್ತೂಲು ಬರದೀಯಲ್ಲ" ಅಂದಳು.
ಸೂಜಿ ಎಲ್ಲಿ, ದಾರದ ಉಂಡೆ ಎಲ್ಲಿ,
ತಾನೇ ಇದ್ದಿಲು ತಗೊಂಡು ಗೀಚಿ ತೋರಿಸಿದಳು.
ರವಿಕೆ ಹೊಲಿಯುತ್ತಿದ್ದ ಆ ಕೈಗೇ
ಮುಂದೆ ನಗರಸಭೆಯ ಸೀಲು ಬಂತು.

ಏಳನೇ ಸಲ ಡಬ್ಬಿ ತೊಳೆದು, ಬ್ರಷ್ಷಿನ ಕೂದಲು ಬಾಚಿ
ಹೋದೆ ಮನೆಗೆ. ಬಾಗಿಲಲ್ಲಿ ಎರಡೇ ಜೊತೆ ಚಪ್ಪಲಿ.
ಚಪ್ಪಲಿ ರಾಶಿಯಿಲ್ಲದ ಆ ಮೆಟ್ಟಿಲನ್ನು
ನಾನು ನೋಡಿರಲೇ ಇಲ್ಲ. ಕಡಪಾ ಕಲ್ಲು, ಅಂಚು ಸವೆದದ್ದು.
"ಸಾಕು ಕಣೋ. ಗೋಡೆನೂ ಒಂದಿಷ್ಟು ಉಸಿರಾಡ್ಲಿ."

ಅಷ್ಟೇ. ಭಾಷಣವಿಲ್ಲ, ಶಾಲಿಲ್ಲ.
ಕಾಯಿಲೆಯೋ, ಮುನಿಸೋ, ಯಾರೋ ಕೊಟ್ಟ ಗಂಟೋ,
ಕಾವಲಿಯ ಮೇಲೆ ಬೆಣ್ಣೆ ದೋಸೆ ಮಗುಚುವಷ್ಟರಲ್ಲಿ
ಊರು ಒಂಬತ್ತು ಕಾರಣ ಹುಡುಕಿತು.
ನಾನು ಕೇಳಲಿಲ್ಲ. ಎರಡು ಲೀಟರು ಕೆಂಪು ಕಲಸಿಟ್ಟಿದ್ದೆ,
ಅದರ ಚಿಂತೆ ನನಗೆ.
ಅದರ ದುಡ್ಡೂ ಕೊಟ್ಟಳು, ಎಣಿಸಿ,
ಚಿಲ್ಲರೆ ವಾಪಸು ಕೇಳಿ.

ಅವಳು ಹಾಕಿಸಿದ ನಲ್ಲಿ ನಲವತ್ತು.
ಅವಕ್ಕೆ ಯಾರ ಹೆಸರೂ ಇಲ್ಲ, ನೀರು ಬರುತ್ತದೆ.
ತಮ್ಮನ ಮಗನಿಗೆ ಕೊಡಿಸಿದ ಗುತ್ತಿಗೆಯ ಚರಂಡಿ
ಮಂಡಕ್ಕಿ ಭಟ್ಟಿಗಳ ಹಿಂದೆ, ಎರಡನೇ ವರ್ಷವೇ ಕುಸಿಯಿತಲ್ಲ,
ಅದಕ್ಕೆ ಮಾತ್ರ ಖಾಯಂ ಹೆಸರು: ಹಾಲಮ್ಮನ ಗುಂಡಿ.
ಮುಚ್ಚಿ ಹನ್ನೊಂದು ವರ್ಷ. ಮೇಲೆ ಮೊಬೈಲ್ ರಿಪೇರಿ ಅಂಗಡಿ.
ಆದರೂ ಆಟೋದವರ ಕೂಗು:
ಗುಂಡಿ, ಗುಂಡಿ, ಗುಂಡಿ, ಹತ್ರುಪಾಯಿ!

ಒಂದು ದಿನ ಅವಳೇ ಹತ್ತಿದಳಂತೆ.
ಹುಡುಗ ಹುಟ್ಟಿದ್ದೇ ಅವಳ ಎರಡನೇ ಅವಧಿಯಲ್ಲಿ ಇರಬೇಕು.
"ಯಾರಪ್ಪ ಆ ಹಾಲಮ್ಮ ಅಂತ ಕೇಳ್ದೆ ಕಣೋ.
ಯಾರೋ ಮುದುಕಿ ಬಿದ್ದು ಸತ್ತೋಗಿರಬೇಕು ಬಿಡಮ್ಮ ಅಂದ."
ಹೇಳುತ್ತ ನಕ್ಕಳು, ನಕ್ಕು ಕೆಮ್ಮಿದಳು,
ಆಮೇಲೆ ಕನ್ನಡಕ ತೆಗೆದು
ಸೆರಗಲ್ಲಿ ಬಹಳ ಹೊತ್ತು ಒರೆಸಿದಳು.

ನಾನೂ ಬ್ರಷ್ಷು ಬಿಟ್ಟೆ.
ಫ್ಲೆಕ್ಸಿಗೆ ಅಕ್ಷರದ ಸೊಂಟ ಬೇಕಿಲ್ಲ.
ಯಾರೂ ಬೀಳ್ಕೊಡಲಿಲ್ಲ, ಬರುವಾಗಲೂ ಕರೆದಿರಲಿಲ್ಲ.

ಗೋಡೆ ಮಾತ್ರ ಹಟಮಾರಿ.
ಗೆದ್ದವರು, ಸೋತವರು, ಮೂಲವ್ಯಾಧಿ ಡಾಕ್ಟರು, ಟ್ಯುಟೋರಿಯಲ್ಲು,
ಒಂದರ ಮೇಲೊಂದು ಸುಣ್ಣ. ಎರಡು ದಪ್ಪ ಮಳೆಗೆ ಪದರ ಉದುರಿ
ಮೂಲವ್ಯಾಧಿಯ ನಡುವಿಂದ
ಹೊಲಿಗೆ ಮಿಷನ್ನಿನ ಚಕ್ರ ಏಳುತ್ತಿತ್ತು.
ಅವಳ ಹೆಸರಿಗೆ ಎಣ್ಣೆ ಜಾಸ್ತಿ ಬೆರೆಸುತ್ತಿದ್ದೆ.
ಇದನ್ನು ಅವಳಿಗೂ ಹೇಳಿಲ್ಲ.

ಕಳೆದ ವಾರ ಜೆಸಿಬಿ ಬಂತು, ಕಾಂಪ್ಲೆಕ್ಸ್ ಏಳುತ್ತದಂತೆ.
ಧೂಳು ಕೂತ ಮೇಲೆ ಹೋದೆ.
ಮಿರ್ಚಿ ಗಾಡಿಯವನು ಗಾರೆಯ ತುಂಡೊಂದನ್ನು
ಗಾಲಿಗೆ ಅಡ್ಡ ಕೊಟ್ಟಿದ್ದ, ಇಳಿಜಾರು ನೋಡಿ.
ಅದರ ಮೇಲೆ ತಲೆಕೆಳಗಾಗಿ ನನ್ನ ಕೆಂಪು ಮ್ಮ.
ಒತ್ತು ಈಗ ಮೇಲೆ,
ಹೆಗಲೇರಿದ ಕೂಸಿನ ಹಾಗೆ.

"ಏನ್ ನೋಡ್ತೀರಿ ಸಾಬ್ರೆ, ಒಂದು ಪ್ಲೇಟ್ ಕೊಡ್ಲಾ?"
ಕೊಡು ಅಂದೆ.
ಅವನು ಜಾಲರಿ ಎತ್ತಿ ಬಾಣಲೆಗೆ ಬಡಿದ.
ಗಾಡಿ ಕದಲಲಿಲ್ಲ.